ಸತ್ತ ಪ್ರಾಣಿಗಾಗಿ ಕೂಡುವ ಜನ



ಈ ಪಾಠವು ನಮ್ಮದೇ ಒಂದು ತಪ್ಪಿನಿಂದ ಹುಟ್ಟಿತು. ಆದಕಾರಣ ಆ ತಪ್ಪನ್ನು ಮೊದಲು ಹೇಳಿಬಿಡುವೆವು. 2023ನೆಯ ಇಸವಿಯ ಡಿಸೆಂಬರ ತಿಂಗಳ 5ನೆಯ ತಾರೀಖು, ಮಂಗಳವಾರ, ನಾವು ಒಂಬತ್ತನೆಯ ಇಯತ್ತೆಗೆ ಗಣಿತವನ್ನು ಹೇಳಿಕೊಡಲು ಹೋದಾಗ ಹಿಂದಿನ ಬಾಕಿನಲ್ಲಿ ನಾಲ್ವರು ಬಾಲಿಕೆಯರು ಒಂದು ವರ್ತಮಾನಪತ್ರಿಕೆಯನ್ನು ಹರಡಿಕೊಂಡು ಕಣ್ಣೊರಸಿಕೊಳ್ಳುತ್ತಿದ್ದರು. ಹಿಂದಿನ ದಿನ ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನ ಯಸಳೂರು ಕಾಡಿನಲ್ಲಿ ದಸರೆಯ ಆನೆ ಅರ್ಜುನನು ಕಾಡಾನೆಯೊಡನೆ ಹೋರಾಡಿ ಮಡಿದ ಸುದ್ದಿಯು ಅದರಲ್ಲಿತ್ತು. ನಾವು ಪತ್ರಿಕೆಯನ್ನು ಕಸಿದುಕೊಂಡು, "ಎಲ್ಲಿಯೋ ಸತ್ತ ಆನೆಗಾಗಿ ಇಲ್ಲಿ ಅಳುತ್ತ ಕುಳಿತರೆ ಈ ಲೆಕ್ಕವನ್ನು ಬಿಡಿಸುವವರಾರು?" ಎಂದು ಗದರಿಸಿದೆವು. ಆಗ ಸವದತ್ತಿಯ ಕಡೆಯ ಒಬ್ಬ ಬಾಲಿಕೆಯು ಎದ್ದು ನಿಂತು, "ನಮ್ಮ ಎತ್ತು ಸತ್ತಾಗ ನಮ್ಮಪ್ಪ ಎರಡು ದಿವಸ ಉಣ್ಣಲಿಲ್ಲರಿ ಅಕ್ಕಾವರ. ಅವಗೂ ಹಿಂಗ ಬೈತಿದ್ರೇನ್ರಿ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಉದ್ಧಟತನವು ಎಳ್ಳಷ್ಟೂ ಇರಲಿಲ್ಲ. ನಾವು ಉತ್ತರ ತೋರದೆ ಕರಿಹಲಗೆಯ ಕಡೆಗೆ ತಿರುಗಿ ಸಮೀಕರಣವನ್ನು ಬರೆಯತೊಡಗಿದೆವು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡಲು ಯತ್ನಿಸುವೆವು.

ನಮ್ಮ ಶಾಲೆಗೆ ಬರುವವರಲ್ಲಿ ಬಹುಮಂದಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳ ಒಕ್ಕಲುತನದ ಮನೆಗಳ ಹೆಣ್ಣುಮಕ್ಕಳು. ನಿಮಗೆ ಗೊತ್ತಿದ್ದುದನ್ನು ನಾವು ಹೇಳಬೇಕಾಗಿಲ್ಲ. ಆದರೂ ಪಾಠವು ಮನೆಯ ಅಂಗಳದಿಂದ ಹೊರಡುವದು ಒಳ್ಳೆಯದು. ಕಾರಹುಣ್ಣಿವೆಯ ದಿನ ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಸಂಜೆಗೆ ಕರಿ ಹರಿಯುವರು. ಅದರ ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಹೀಗೆ ಬದುಕಿದ್ದಾಗ ಮಾನವನ್ನು ಹೊಂದಿದ ಎತ್ತು ಸತ್ತಿತೆಂದರೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂಮಾಲೆ ಹಾಕಿ, ಹಲಗೆ ಬಾರಿಸುತ್ತ ಒಯ್ದು, ಅದು ದುಡಿದ ಹೊಲದಲ್ಲಿಯೇ ಮಣ್ಣು ಕೊಡುವರು. ಓಣಿಯ ಹೆಂಗಸರು ಹೊರಗೆ ಬಂದು ನಿಂತು ಮನೆಯವರು ಸತ್ತಂತೆ ಅಳುವರು. ಊರಲ್ಲಿ ಮಂಗವು ಸತ್ತರೆ ಅದನ್ನು ಕುಳ್ಳಿರಿಸಿ, ಭಜನೆಯ ಮೇಳದೊಡನೆ ಮೆರವಣಿಗೆ ಮಾಡಿ ಹೂಳುವ ಊರುಗಳೂ ಈ ಕಡೆಗೆ ಉಂಟು. ನಾವು ಮಿಷನ್ ಶಾಲೆಯಲ್ಲಿ ಓದಿ ಬೆಳೆದವರು; ಚಿಕ್ಕಂದಿನಲ್ಲಿ ಇಂಥ ಮೆರವಣಿಗೆಯನ್ನು ಕಿಡಕಿಯಿಂದ ನೋಡಿ ನಕ್ಕದ್ದೂ ಉಂಟು. ಈಗ ನಗು ಬರುವದಿಲ್ಲ. ಈಚೆಗೆ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ ಬಂದಿದೆ. ಅದು ಕೆಟ್ಟು ನಿಂತರೆ ಯಾರೂ ಹಲಗೆ ಬಾರಿಸುವದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗುರುತಿಸಿಕೊಳ್ಳಿರಿ. ಒಕ್ಕಲಿಗನು ಅಳುವದು ಎತ್ತು ಎಂಬ ಜಾತಿಗಾಗಿ ಅಲ್ಲ, ತಾನು ಹೆಸರಿಟ್ಟು ಕೂಗಿದ ತನ್ನ ಎತ್ತಿಗಾಗಿ. ಅರ್ಜುನನ ವಿಷಯದಲ್ಲಿಯೂ ಹಾಗೆಯೇ ಆಯಿತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಈ ಆನೆಯು 2012ರಿಂದ 2019ರ ವರೆಗೆ ಎಂಟು ಸಲ ಮೈಸೂರ ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತಿತು. ಅರವತ್ತು ವರುಷ ದಾಟಿದ ಆನೆಗೆ ಅಂಬಾರಿಯ ಭಾರ ಸಲ್ಲದೆಂದು ಆ ಕೆಲಸವನ್ನು ಅಭಿಮನ್ಯುವಿಗೆ ಒಪ್ಪಿಸಿದರು. ಆದರೆ ಪುಂಡಾನೆಗಳನ್ನು ಹಿಡಿಯುವ ಕಾರ್ಯಕ್ಕೆ ಅರ್ಜುನನನ್ನು ಕರೆದೊಯ್ಯುವದು ನಿಲ್ಲಲಿಲ್ಲ. ಅಂಬಾರಿಗೆ ಮುದುಕನಾದವನು ಕಾಳಗಕ್ಕೆ ಮುದುಕನಾಗಲಿಲ್ಲವೇ ಎಂದು ಆಮೇಲೆ ಜನರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಡಿದ ಸ್ಥಳದಲ್ಲಿಯೇ ಸರಕಾರೀ ಗೌರವದೊಡನೆ ಅವನನ್ನು ಹೂಳಿದರು. ಸುತ್ತಲಿನ ಹಳ್ಳಿಗಳವರು ಕಿಕ್ಕಿರಿದು ಕೂಡಿದ್ದರು. ದೇಹವನ್ನು ಅವನ ಬಿಡಾರಕ್ಕೆ ಒಯ್ಯಬೇಕೆಂದು ಕೆಲವರು ಹಟ ಹಿಡಿದರು. ಮಾವುತನು ಅವನ ಮೈಮೇಲೆ ಬಿದ್ದು ಅತ್ತದ್ದನ್ನು ನಾಡೆಲ್ಲವೂ ನೋಡಿತು. ಸ್ಮಾರಕವನ್ನು ಕಟ್ಟಬೇಕೆಂಬ ಬೇಡಿಕೆಗೆ ಸರಕಾರವೂ ಒಪ್ಪಿತು.

ಏಶಿಯಾದ ಆನೆಯು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಇವುಗಳಲ್ಲಿ ವಿದ್ಯುತ್ತಿನ ತಂತಿ ತಗುಲಿಯೋ, ಗುಂಡು ತಗುಲಿಯೋ ಸಾಯುವ ಆನೆಗಳಿಗೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಅವುಗಳಿಗೂ ಅರ್ಜುನನಿಗೂ ಇದ್ದ ಭೇದವು ಹೆಸರೊಂದೇ ಅಲ್ಲವೇ? ಕಾಡಿನ ಪ್ರಾಣಿಗಳಿಗೂ ಒಂದೊಂದಕ್ಕೆ ಹೆಸರಿಟ್ಟು ಲೆಕ್ಕವಿಟ್ಟರೆ ಏನಾಗುವದೆಂಬುದನ್ನು ನೋಡಬೇಕಾದರೆ ನಾವು ಬಹು ದೂರದ ಒಂದು ಕಡಲಿಗೆ ಹೋಗಬೇಕು.

ಅಮೇರಿಕದ ಪಡುವಣ ಕರಾವಳಿಯಲ್ಲಿ, ವಾಶಿಂಗ್ಟನ್ ಸಂಸ್ಥಾನಕ್ಕೂ ಕೆನಡಾ ದೇಶಕ್ಕೂ ನಡುವೆ, ಸೇಲಿಷ್ ಎಂಬ ದ್ವೀಪಮಯವಾದ ಸಮುದ್ರವಿದೆ. ಅಲ್ಲಿ ಓರ್ಕಾ ಎಂಬ ಕಪ್ಪುಬಿಳುಪಿನ ದೊಡ್ಡ ಪ್ರಾಣಿಗಳು ವಾಸಿಸುತ್ತವೆ. ಜನರು ಇವನ್ನು ತಿಮಿಂಗಿಲವೆಂದು ಕರೆಯುವರಾದರೂ ಪ್ರಾಣಿಶಾಸ್ತ್ರಜ್ಞರು ಡಾಲ್ಫಿನ್ ಕುಲದಲ್ಲಿ ಎಣಿಸುವರು. ಬೆಳೆದ ಗಂಡು ಸುಮಾರು ಏಳು ಮೀಟರು ಉದ್ದವಿದ್ದು, ಅದರ ಬೆನ್ನಿನ ಈಜುರೆಕ್ಕೆಯೇ ಆಳೆತ್ತರಕ್ಕೆ ನಿಲ್ಲುವದು. ಬೇರೆ ಕೆಲವು ಓರ್ಕಾಗಳು ಸೀಲ್ ಮೊದಲಾದವನ್ನು ಬೇಟೆಯಾಡಿದರೆ ಇಲ್ಲಿ ನೆಲೆಸಿದ ಈ ಬಳಗದವು ಮೀನನ್ನೇ, ಅದರಲ್ಲಿಯೂ ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನನ್ನೇ ನಂಬಿ ಬದುಕುವವು. ಇವುಗಳ ಸಂಸಾರವು ತಾಯಿಯ ಸುತ್ತ ಕಟ್ಟಿದ್ದು. ಮಗನಾಗಲಿ ಮಗಳಾಗಲಿ ಬೆಳೆದ ಮೇಲೆಯೂ ತಾಯಿಯನ್ನು ಬಿಟ್ಟು ಹೋಗುವದಿಲ್ಲ. ಹೆಣ್ಣು ನಲವತ್ತರ ಸುಮಾರಿಗೆ ಹೆರುವದನ್ನು ನಿಲ್ಲಿಸಿಯೂ ಮುಂದೆ ಹತ್ತಾರು ವರುಷ ಬಾಳಬಲ್ಲದು. ಮೀನು ಸಿಕ್ಕದ ಬರಗಾಲದಲ್ಲಿ ಈ ಮುದುಕಿಯರೇ ಮುಂದೆ ಈಜಿ ಬಳಗಕ್ಕೆ ದಾರಿ ತೋರುವರೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ಅಜ್ಜಿಯಂದಿರು ಆಳುವ ಮನೆಗಳಿಂದ ಬಂದ ನಿಮಗೆ ಇದು ಸೋಜಿಗವೆನಿಸಲಾರದು.

ರೆಕ್ಕೆಯ ಆಕಾರ, ಅದರ ಹಿಂದಿನ ಬೂದುಬಣ್ಣದ ಮಚ್ಚೆ, ಇವುಗಳಿಂದ ಒಂದೊಂದು ಓರ್ಕಾವನ್ನೂ ಬೇರೆಬೇರೆಯಾಗಿ ಗುರುತಿಸಬಹುದು. 1976ರಿಂದ ಕೆನ್ ಬಾಲ್ಕಂಬ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಛಾಯಾಚಿತ್ರಗಳ ಸಹಾಯದಿಂದ ಇಲ್ಲಿಯ ಮೂರು ಹಿಂಡುಗಳ ಹಾಜರಿಯನ್ನು ಇಡುತ್ತ ಬಂದರು. ನಮ್ಮ ಹಾಜರೀಪಟ್ಟಿಯಂತೆಯೇ ಅಲ್ಲಿಯೂ ಪ್ರತಿಯೊಂದಕ್ಕೆ ಸಂಖ್ಯೆಯುಂಟು, ಹೆಸರುಂಟು, ತಾಯಿಯ ಹೆಸರುಂಟು. ತಿಂಗಳುಗಟ್ಟಲೆ ಕಾಣಿಸದೆ ಹೋದವಳ ಹೆಸರನ್ನು ಕೊನೆಗೆ ಪಟ್ಟಿಯಿಂದ ತೆಗೆಯುವರು. 2024ನೆಯ ಇಸವಿಯ ಜುಲೈ ಎಣಿಕೆಯಲ್ಲಿ ಹಾಜರಿದ್ದವು 73. ನಮ್ಮ ಎರಡು ವರ್ಗಗಳನ್ನು ಕೂಡಿಸಿದರೆ ಅಷ್ಟು ಬಾಲಿಕೆಯರು ಆಗುವರು. ಆಗ ಲೋಕದಲ್ಲಿ ಆ ಬಳಗವು ಅಷ್ಟೇ ಇತ್ತು. ಅಮೇರಿಕದ ಸರಕಾರವು 2005ರಲ್ಲಿ ಇದನ್ನು ಅಳಿವಿನ ಅಂಚಿನಲ್ಲಿದೆಯೆಂದು ಸಾರಿತು. ನದಿಗಳಿಗೆ ಕಟ್ಟಿದ ಆಣೆಕಟ್ಟುಗಳಿಂದಲೂ ಅತಿಯಾದ ಮೀನುಗಾರಿಕೆಯಿಂದಲೂ ಸಾಲ್ಮನ್ ಕಡಿಮೆಯಾದದ್ದು, ಹಡಗುಗಳ ಗದ್ದಲದಿಂದ ಮೀನಿನ ಸುಳಿವು ಸಿಕ್ಕದಿರುವದು, ಕಾರಖಾನೆಗಳ ವಿಷವು ಕೊಬ್ಬಿನಲ್ಲಿ ಸೇರಿ ತಾಯಹಾಲಿನಿಂದ ಮರಿಗೆ ಇಳಿಯುವದು, ಇವೇ ಮುಖ್ಯ ಕಾರಣಗಳು. ಇದಕ್ಕೂ ಮುಂಚೆ ಇನ್ನೊಂದು ಅನ್ಯಾಯವು ನಡೆದಿತ್ತು. 1960 ಮತ್ತು 1970ರ ದಶಕಗಳಲ್ಲಿ ಪ್ರದರ್ಶನದ ಕೊಳಗಳಿಗೆ ಮಾರುವದಕ್ಕಾಗಿ ಎಳೆಯ ಓರ್ಕಾಗಳನ್ನು ಬಲೆ ಹಾಕಿ ಹಿಡಿದರು.

1970ನೆಯ ಇಸವಿಯ ಆಗಸ್ಟ 8ರಂದು ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ ಹೀಗೆ ಸಿಕ್ಕ ಮರಿಗಳಲ್ಲಿ ಟೋಕಿಟೇ ಎಂಬವಳೊಬ್ಬಳು. ಆಗ ಅವಳಿಗೆ ಸುಮಾರು ನಾಲ್ಕು ವರುಷ. ಖಂಡದ ಇನ್ನೊಂದು ತುದಿಯಲ್ಲಿರುವ ಮಿಯಾಮಿ ಪಟ್ಟಣದ ಒಂದು ಕೊಳದಲ್ಲಿ ಅವಳು ಐವತ್ತು ವರುಷಕ್ಕೂ ಹೆಚ್ಚು ಕಾಲ ಆಟ ತೋರಿಸಿದಳು. ಸೇಲಿಷ್ ಸಮುದ್ರದ ದಡದ ಮೂಲನಿವಾಸಿಗಳಾದ ಲಮ್ಮಿ ಜನರು ತಮ್ಮ ಭಾಷೆಯಲ್ಲಿ ಓರ್ಕಾಗಳನ್ನು ಕರೆಯುವ ಹೆಸರಿನ ಅರ್ಥ, ನೀರಿನ ಕೆಳಗಿರುವ ನಮ್ಮ ಬಂಧುಗಳು, ಎಂದು. ತಮ್ಮ ಮನೆಯ ಮಗಳನ್ನು ತಮಗೆ ಕೊಡಿರೆಂದು ಅವರು ವರುಷಗಟ್ಟಲೆ ಕೇಳಿದರು. ಮರಳಿ ತರುವ ಸಿದ್ಧತೆಯು ನಡೆದಿರುವಾಗಲೇ, 2023ನೆಯ ಇಸವಿಯ ಆಗಸ್ಟ 18ರಂದು, ಅವಳು ಆ ಕೊಳದಲ್ಲಿಯೇ ಸತ್ತಳು. ಅದೇ ತಿಂಗಳಲ್ಲಿ ಸ್ಯಾನ್ ವಾನ್ ದ್ವೀಪದ ಕಡಲತಡಿಯಲ್ಲಿ ಜನರು ಕೂಡಿ ಅವಳನ್ನು ನೆನೆದು ಅತ್ತರು. ಮುಂದಿನ ತಿಂಗಳು ಲಮ್ಮಿ ಜನರು ಅವಳ ಬೂದಿಯನ್ನು ತರಿಸಿ ತಮ್ಮ ವಿಧಿಯಂತೆ ಅವಳು ಹುಟ್ಟಿದ ಕಡಲಿಗೆ ಒಪ್ಪಿಸಿದರು. ಬದುಕಿದ್ದಾಗ ಕೊಡದವರು ಸತ್ತ ಮೇಲೆ ಬೂದಿಯನ್ನು ಕೊಟ್ಟರೆಂಬುದು ನಮ್ಮ ಮನಸ್ಸಿಗೆ ಇಂದಿಗೂ ಒಗ್ಗುವದಿಲ್ಲ.

ಅದಕ್ಕೂ ಹಿಂದೆ, 2018ರ ಜುಲೈ 24ರಂದು, ಟಾಲೆಕ್ವಾ ಎಂಬ ಓರ್ಕಾ ಒಂದು ಹೆಣ್ಣುಮರಿಯನ್ನು ಹಡೆದಿತ್ತು. ಮರಿಯು ಅರ್ಧ ತಾಸು ಸಹ ಬದುಕಿತೋ ಇಲ್ಲವೋ. ತಾಯಿಯು ಆ ಶವವನ್ನು ಮುಳುಗಗೊಡದೆ ತನ್ನ ತಲೆಯ ಮೇಲೆ ಎತ್ತಿ ಎತ್ತಿ ಹಿಡಿದು 17 ದಿವಸ, ಸುಮಾರು 1,600 ಕಿಲೋಮೀಟರು ಈಜಿತು. ಜಾರಿಬಿದ್ದರೆ ಆಳಕ್ಕೆ ಮುಳುಗಿ ತರುವದು, ಉಸಿರಿಗಾಗಿ ಮೇಲೆ ಬರುವದು, ಮತ್ತೆ ಮುಳುಗುವದು. 2024ರ ಕೊನೆಗೆ ಹುಟ್ಟಿದ ಇನ್ನೊಂದು ಹೆಣ್ಣುಮರಿಯೂ ಸತ್ತಾಗ ಅದೇ ತಾಯಿಯು ಮತ್ತೊಮ್ಮೆ ಹಾಗೆಯೇ ಹೊತ್ತುಕೊಂಡು ತಿರುಗಿತು. ಇದನ್ನು ಶೋಕವೆಂದು ಕರೆಯಬಹುದೇ ಎಂದು ಪಂಡಿತರಲ್ಲಿ ಕೆಲವರು ಅನುಮಾನಿಸುವರು. ಅವರ ಎಚ್ಚರಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಬೇರೆ ಯಾವ ಶಬ್ದವನ್ನು ಬಳಸಬೇಕೆಂಬುದನ್ನೂ ಅವರೇ ಹೇಳಬೇಕು.

ಆ ಕರಾವಳಿಯವರ ದುಃಖವು ಅಳುವದರಲ್ಲಿಯೇ ಮುಗಿಯಲಿಲ್ಲ. ಟಾಲೆಕ್ವಾ ಮರಿಯನ್ನು ಹೊತ್ತು ತಿರುಗಿದ ಮರುವರುಷವೇ ವಾಶಿಂಗ್ಟನ್ ಸಂಸ್ಥಾನದಲ್ಲಿ ದೋಣಿಗಳು ಈ ಓರ್ಕಾಗಳಿಂದ ಮುನ್ನೂರು ಗಜ ದೂರವಿರಬೇಕೆಂದು ಕಾಯಿದೆಯಾಯಿತು. 2025ರ ಜನೇವರಿಯಿಂದ ಅದು ಸಾವಿರ ಗಜವಾಗಿದೆ.

ಆದರೆ ಎಪ್ಪತ್ತುಮೂರಕ್ಕೆ ಹೆಸರಿಡಬಹುದು, ಸಾವಿರಾರು ಹಕ್ಕಿಗಳಿಗೆ ಯಾರು ಹೆಸರಿಡುವರು ಎಂದು ನೀವು ಕೇಳಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಇದಕ್ಕೆ ಸುಲಭವಾದ ಉಪಾಯವನ್ನು ಕಂಡುಕೊಂಡಿದ್ದಾರೆ. ಊರ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಲು ವರುಷವರುಷ ಬರುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಅವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಎಣಿಸುವರು. ಹೆಣ್ಣುಮಗಳೆಂದ ಮೇಲೆ ಬೇರೆ ಹೆಸರೇಕೆ? 1976ರಲ್ಲಿ ಎಸ್. ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿಗಳು (ಈ ಹೆಸರು ನಮ್ಮ ಬೈಲಹೊಂಗಲ ತಾಲೂಕಿನ ಹಳ್ಳಿಯನ್ನು ನೆನಪಿಗೆ ತರುವದಲ್ಲವೇ?) ಈ ಊರಿನ ವಿಶೇಷವನ್ನು ಕಂಡು, ಹಕ್ಕಿಗಳಿಗಾಗಿ ಹುಣಿಸೆಯ ಫಸಲನ್ನು ಬಿಟ್ಟವರಿಗೆ ಪರಿಹಾರ ಸಿಗುವಂತೆ ಮಾಡಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಅಲ್ಲಿಯ ಯುವಕರ ಸಂಘದ ಹೆಸರು ಹೆಜ್ಜಾರ್ಲೆ ಬಳಗ. ಬಳಗವೆಂಬ ಮಾತನ್ನು ಅವರು ಸುಮ್ಮನೆ ಆರಿಸಿಕೊಂಡಿರಲಾರರು. 2017ರ ಕೊನೆಯಿಂದ ರೋಗ ತಗುಲಿ ಹತ್ತಾರು ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತಾಗ ಅದು ಆ ಊರಿನ ಮನೆಗಳ ದುಃಖವೇ ಆಗಿತ್ತು.

ಇನ್ನು ನಮ್ಮ ನಾಲ್ಕು ಸೀಮೆಗಳಿಗೆ ಮರಳುವೆವು. ನಿಮ್ಮ ಕಾಲ ಕೆಳಗಿನ ಎರೆಮಣ್ಣಿನ ಹೆಸರನ್ನೇ ಹೊತ್ತ ಒಂದು ಹಕ್ಕಿಯಿತ್ತು: ಎರೆಭೂತ. ಬೇರೆ ಕಡೆಗಳಲ್ಲಿ ಎರ್ಲಡ್ಡು ಎಂತಲೂ ದೊರವಾಯನ ಹಕ್ಕಿ ಎಂತಲೂ ಹೇಳುವರು. ಮೀಟರಿನಷ್ಟು ಎತ್ತರ, ಹದಿನೈದು ಕಿಲೋದ ವರೆಗೆ ತೂಕ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರವಾದವು ಲೋಕದಲ್ಲಿ ಕೆಲವೇ. ಕಪ್ಪು ಟೊಪ್ಪಿಗೆ, ಬಿಳಿಯ ಕೊರಳು, ಕಂದು ಬೆನ್ನು. ಮರವನ್ನು ಏರುವದಿಲ್ಲ, ಹುಲ್ಲುಬಯಲಿನಲ್ಲಿಯೂ ಜೋಳ ಕಡಲೆಯ ಹೊಲಗಳ ಅಂಚಿನಲ್ಲಿಯೂ ನಡೆದಾಡುತ್ತ ಮಿಡತೆ, ಹಲ್ಲಿ, ಕಾಳುಗಳನ್ನು ತಿನ್ನುವದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿಯನ್ನು ಇಡುವದು. ಆ ಒಂದು ತತ್ತಿಯನ್ನು ದನ ತುಳಿದರೂ, ನಾಯಿ ಮುಟ್ಟಿದರೂ ಆ ಸಲದ ಸಂತಾನವು ಮುಗಿಯಿತು.

ದಖ್ಖನದ ಒಣಬಯಲುಗಳಲ್ಲಿ ಇದು ಎಷ್ಟಿತ್ತೆಂಬುದಕ್ಕೆ ಒಂದು ಲೆಕ್ಕ ಸಾಕು. ಅಹಮದನಗರ ಜಿಲ್ಲೆಯಲ್ಲಿ ಒಬ್ಬನೇ ಆಂಗ್ಲ ಬೇಟೆಗಾರನು 1809ರಿಂದ 1829ರ ವರೆಗೆ 961 ಹಕ್ಕಿಗಳನ್ನು ಹೊಡೆದನು. ಅವನೂ ಲೆಕ್ಕವನ್ನು ಚೊಕ್ಕಟವಾಗಿಯೇ ಇಟ್ಟಿದ್ದನು. ಆದರೆ ಆ ಲೆಕ್ಕಕ್ಕೂ ಬಾಲ್ಕಂಬರ ಹಾಜರೀಪಟ್ಟಿಗೂ ಎಂಥ ಅಂತರ! 1969ರ ಸುಮಾರಿಗೆ ಇಡೀ ದೇಶದಲ್ಲಿ 1,260 ಉಳಿದಿದ್ದವೆಂದು ಅಂದಾಜು ಮಾಡಿದರು. 2018ರ ವೇಳೆಗೆ ಆ ಅಂದಾಜು ನೂರೈವತ್ತಕ್ಕೆ ಇಳಿಯಿತು, ಅವುಗಳಲ್ಲಿಯೂ ಬಹುತೇಕ ರಾಜಸ್ಥಾನದ ಮರುಭೂಮಿಯಲ್ಲಿ. ನಮ್ಮ ರಾಜ್ಯದಲ್ಲಿ ರಾಣೆಬೆನ್ನೂರಿನ ಬಯಲನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದಾಗ ಅಲ್ಲಿ ಈ ಹಕ್ಕಿಯೂ ಇತ್ತು. ಬಯಲೆಂದರೆ ಬಂಜರು ಎಂದು ಬಗೆದು ಅದರಲ್ಲಿ ಬಹುಭಾಗಕ್ಕೆ ನೀಲಗಿರಿ ಗಿಡಗಳನ್ನು ನೆಟ್ಟರು. ಗಿಡ ನೆಡುವದು ಪುಣ್ಯವೆಂದು ನಾವೇ ನಿಮಗೆ ಪ್ರತಿ ಜೂನ ತಿಂಗಳಲ್ಲಿ ಹೇಳುತ್ತೇವೆ. ಆದರೆ ಹುಲ್ಲಿನಲ್ಲಿ ಬಾಳುವ ಹಕ್ಕಿಗೆ ಗಿಡವೇ ಶತ್ರುವಾದದ್ದೂ ಉಂಟು. ಕಾಲುವೆಯ ನೀರು, ಇಡೀ ವರುಷದ ಉಳುಮೆ, ಬೇಟೆ, ಇವು ಉಳಿದ ಕಾರಣಗಳು. ಈಚೆಗೆ ವಿದ್ಯುತ್ ತಂತಿಗಳು ಸೇರಿವೆ: ಈ ಭಾರವಾದ ಹಕ್ಕಿಗೆ ನೇರ ಮುಂದಿನದು ಚೆನ್ನಾಗಿ ಕಾಣದು, ತಂತಿಯನ್ನು ಕಂಡ ಮೇಲೂ ಥಟ್ಟನೆ ತಿರುಗಲಾಗದು. ಕರ್ನಾಟಕದಲ್ಲಿ ಕಡೆಗೆ ಉಳಿದದ್ದೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳಿಂದ ಎಣಿಸುವಷ್ಟು. ರಾಜಸ್ಥಾನದಲ್ಲಿ 2019ರಿಂದ ತತ್ತಿಗಳನ್ನು ತಂದು ಮರಿ ಮಾಡಿಸಿ ಬೆಳೆಸುತ್ತಿದ್ದಾರೆ. 2024ರ ಅಕ್ಟೋಬರದಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ಹಕ್ಕಿಯೇ ರಾಷ್ಟ್ರಪಕ್ಷಿಯಾಗಲೆಂದು ಬಯಸಿದ್ದರು. 1963ರಲ್ಲಿ ಆ ಮಾನವು ನವಿಲಿಗೆ ಸಂದಿತು. ನವಿಲುತೀರ್ಥವಿರುವ ಸೀಮೆಯವರಾದ ನೀವು ಅದಕ್ಕಾಗಿ ಸಂತೋಷಪಡಿರಿ. ಎರೆಭೂತದ ಇಂಗ್ಲಿಷ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಬೈಗುಳವಾಗುವದೆಂಬ ಭಯದಿಂದ ಅದನ್ನು ಬಿಟ್ಟರೆಂದು ಹೇಳುವದುಂಟು. ಕಾಗುಣಿತದ ತಪ್ಪುಗಳನ್ನು ತಿದ್ದುತ್ತಲೇ ಕೂದಲು ನರೆತ ನಮಗೆ ಇದು ನಂಬಲಾರದ ಮಾತೇನೂ ಅಲ್ಲ.

ಈ ಹಕ್ಕಿಯು ನಮ್ಮ ಹೊಲಗಳಿಂದ ಹೋದಾಗ ಹಲಗೆ ಬಾರಿಸಿದವರಿಲ್ಲ, ಮಣ್ಣು ಕೊಟ್ಟವರಿಲ್ಲ. ಕೊನೆಯದು ಎಂದು ಹೋಯಿತೆಂಬುದನ್ನು ಬರೆದಿಟ್ಟವರೂ ಇಲ್ಲ. ಆದಕಾರಣ ನಾವು ಕಳೆದ ಸಹಾಮಾಹಿ ಪರೀಕ್ಷೆಯ ಬಳಿಕ ಒಂಬತ್ತನೆಯ ಇಯತ್ತೆಯವರಿಗೆ ಒಂದು ಕೆಲಸವನ್ನು ಕೊಟ್ಟೆವು: ಎರೆಭೂತವೆಂದರೇನೆಂದು ಮನೆಯ ಹಿರಿಯರನ್ನು ಕೇಳಿ ಬರೆದು ತರಬೇಕು. ಮೂವತ್ತೆರಡು ಚೀಟಿಗಳು ಬಂದವು. ಇಪ್ಪತ್ತೊಂಬತ್ತರಲ್ಲಿ ಗೊತ್ತಿಲ್ಲವೆಂದಿತ್ತು. ಇಬ್ಬರು ಅದೊಂದು ದೆವ್ವವೆಂದು ಬರೆದಿದ್ದರು.

ಉಳಿದ ಒಂದು ಚೀಟಿಯು ರಾಮದುರ್ಗದ ಕಡೆಯ ಒಬ್ಬ ಬಾಲಿಕೆಯದು. ವರ್ಗದಲ್ಲಿ ಎಲ್ಲರಿಗಿಂತ ಎತ್ತರದವಳು ಅವಳು, ಕೊರಳು ಉದ್ದ. ಅದಕ್ಕಾಗಿ ನಾಚಿ ಯಾವಾಗಲೂ ಕೊನೆಯ ಬಾಕಿನಲ್ಲಿ ಬಾಗಿ ಕೂಡ್ರುವವಳು. ಚೀಟಿಯಲ್ಲಿ ಬರೆದದ್ದು ಇಷ್ಟೇ: "ನಮ್ಮಜ್ಜಿ ಸಣ್ಣಂದಿನಿಂದ ನನಗ ಎರಿಭೂತ ಅಂತ ಕರೀತಾಳ್ರಿ. ಯಾಕ ಅಂತ ಕೇಳಿದ್ರ ಅಕೀಗೂ ಗೊತ್ತಿಲ್ಲರಿ, ಅಕೀಗೆ ಅವರಜ್ಜಿ ಹಂಗ ಕರೀತಿದ್ಲಂತ." ಸಂಜೆ ಶಾಲೆ ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡು ಆ ಹಕ್ಕಿಯ ವರ್ಣಚಿತ್ರವನ್ನು ಮೇಜಿನ ಮೇಲೆ ಇಟ್ಟೆವು. ಅವಳು ಬಹಳ ಹೊತ್ತು ಮಾತಾಡದೆ ನೋಡಿದಳು. ಆಮೇಲೆ, ಇದನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ಒಯ್ಯಲೇ, ಅಜ್ಜಿಗೆ ತೋರಿಸಿ ತರುವೆನು ಎಂದು ಕೇಳಿದಳು.